ಕತ್ತರಿಸಿ ಬಿಟ್ಟ ನಾಲ್ಕು ನಿಮಿಷ

ಮಂಗಳವಾರ ಮಧ್ಯಾಹ್ನ ಎರಡೂಕಾಲಿಗೆ ಸಿನಿಮಾ ಸಂಕಲನಕಾರನೊಬ್ಬ ಬೆವರು ಒರೆಸಿಕೊಳ್ಳುತ್ತ ಠಾಣೆಗೆ ಬಂದ. ಅವನ ಎಡಿಟಿಂಗ್ ಕೋಣೆಯಿಂದ ಒಂದು ಹಾರ್ಡ್ ಡಿಸ್ಕ್ ಕಳುವಾಗಿತ್ತು. ದಫೇದಾರ ಎಫ್‌ಐಆರ್ ದಾಖಲಿಸಿಕೊಂಡ.

ಇನ್‌ಸ್ಪೆಕ್ಟರಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಡಿಸ್ಕಿನ ಪಕ್ಕದಲ್ಲೇ ಹೊಸ ಕ್ಯಾಮೆರಾ ಇತ್ತು. ಕಳ್ಳ ಅದನ್ನು ಮುಟ್ಟಿಯೂ ಇರಲಿಲ್ಲ.

"ಅದರಲ್ಲಿ ಏನಿತ್ತು?"

"ಹೋದ ತಿಂಗಳು ಬಿಡುಗಡೆಯಾದ ಸಿನಿಮಾದಲ್ಲಿ ಕತ್ತರಿಸಿ ಬಿಟ್ಟ ದೃಶ್ಯಗಳು ಸಾರ್. ನಾಳೆ ಅಳಿಸೋದಿತ್ತು."

"ಯಾರ್ಯಾರದು?"

"ಒಂದು ಹಾಡು. ಒಂದು ನಾಯಿ. ಮತ್ತೆ ನಮ್ಮ ಡಾಕ್ಟರಪ್ಪ."

ಡಾಕ್ಟರಪ್ಪ ಡಾಕ್ಟರಲ್ಲ. ಹದಿನೆಂಟು ವರ್ಷದಿಂದ ಸಿನಿಮಾಗಳಲ್ಲಿ ಬಿಳಿ ಕೋಟು ತೊಟ್ಟು, ದೊಡ್ಡ ಡಾಕ್ಟರ ಹಿಂದೆ ತುಟಿಪಿಟಕ್ಕೆನ್ನದೆ ನಿಂತು ಬಂದ ನಟ. ಈ ಸಲ ಮೊದಲ ಬಾರಿಗೆ ಕೋಟು ಕಳಚಿ, ನಾಯಕನ ಎದುರು ಕೂತು ನಾಲ್ಕು ನಿಮಿಷ ಮಾತಾಡುವ ಪಾತ್ರ ಸಿಕ್ಕಿತ್ತು. ಅದಕ್ಕೇ ಕತ್ತರಿ ಬಿತ್ತು. ಒಂದು ಸಲ ತೋರಿಸಿ ಎಂದು ಅವನು ಎರಡು ಬಾರಿ ಬಂದು ಗೋಗರೆದಿದ್ದ. ಸಂಕಲನಕಾರ ಬಾಗಿಲಲ್ಲೇ ಸಾಗಹಾಕಿದ್ದ.

ಸಿಸಿಟಿವಿಯಲ್ಲಿ ೧.೨೦ಕ್ಕೆ ಒಳಗೆ ಹೋದವನು ಎ.ಸಿ. ರಿಪೇರಿಯವನು. ಟೋಪಿ, ದಪ್ಪ ಮೀಸೆ, ಕೈಯಲ್ಲಿ ಚೀಲ. ಸಂಕಲನಕಾರ ರಿಪೇರಿಗೆ ಯಾರನ್ನೂ ಕರೆಸಿರಲಿಲ್ಲ; ವೇಷ ಹಾಕಿದ ಡಾಕ್ಟರಪ್ಪನೇ ಇರಬೇಕೆಂದು ಇನ್‌ಸ್ಪೆಕ್ಟರಿಗೆ ಅನಿಸಿತು.

"ಯಾಕೆ ಬಿಟ್ಟೆ?" ಎಂದು ಇನ್‌ಸ್ಪೆಕ್ಟರ್ ಕಾವಲುಗಾರನನ್ನು ಕೇಳಿದ.

"ಬಂದವನೇ ನನ್ನನ್ನೇ ದಬಾಯಿಸಿದ ಸಾರ್. ಫೋನ್ ಮಾಡಿ ಕರೆಸಿ, ಗೇಟ್ ಹಾಕ್ಕೊಂಡು ಕೂತಿದ್ದೀಯಲ್ಲ ಅಂತ. ಡಾಕ್ಟರಪ್ಪ ನನಗೆ ಚೆನ್ನಾಗಿ ಗೊತ್ತು. ಆದ್ರೂ ಗುರುತು ಹತ್ತಲಿಲ್ಲ."

ಇನ್‌ಸ್ಪೆಕ್ಟರ್ ಸಿಸಿಟಿವಿ ದೃಶ್ಯವನ್ನು ಮತ್ತೊಮ್ಮೆ ಹಾಕಿಸಿ ನೋಡಿದ. ಗೇಟಿನ ಆಚೆ ಆ ಮನುಷ್ಯ ಕಣ್ಣು ಮುಚ್ಚಿ ಉಸಿರೆಳೆದುಕೊಂಡ. ಆಮೇಲೆ ನಡಿಗೆಯೇ ಬೇರೆಯಾಯಿತು. ಇಷ್ಟು ಚೆನ್ನಾಗಿ ನಟಿಸುವವನನ್ನು ಹದಿನೆಂಟು ವರ್ಷ ಬೇರೆಯವರ ಬೆನ್ನ ಹಿಂದೆ ನಿಲ್ಲಿಸಿದರಲ್ಲ ಎಂದುಕೊಂಡ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಮನೆ ಸಿಕ್ಕಿತು. ಎರಡೇ ಕೋಣೆ. ಡಾಕ್ಟರಪ್ಪನ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದವಳು ತಲೆ ಎತ್ತಲಿಲ್ಲ. ಟವೆಲಿನಲ್ಲಿ ಸುತ್ತಿಟ್ಟ ಡಿಸ್ಕ್ ಕಪಾಟಿನಲ್ಲಿತ್ತು.

"ನಾನೇ ತಗೊಂಡಿದ್ದು ಸಾರ್," ಅಂದ ಡಾಕ್ಟರಪ್ಪ. "ತೆರೆಯೋಕೆ ಮಾತ್ರ ಬರಲಿಲ್ಲ."

"ಯಾಕೆ ಬೇಕಿತ್ತು?"

"ಅಕ್ಕ ತನ್ನ ಜೊತೆ ಕೆಲಸ ಮಾಡೋ ಹದಿನಾರು ಜನರನ್ನ ಸಿನಿಮಾಕ್ಕೆ ಕರ್ಕೊಂಡು ಹೋಗಿದ್ಲು. ತಮ್ಮ ಬರ್ತಾನೆ ನೋಡಿ ಅಂತ. ನಾನು ಬರಲೇ ಇಲ್ಲ. ಪಾತ್ರ ಸಿಕ್ಕಿದ್ದೇ ಸುಳ್ಳು ಅಂದ್ಕೊಂಡ್ಲು. ಮಾತು ಬಿಟ್ಟು ಮೂವತ್ತೊಂದು ದಿನ ಆಯ್ತು."

ತಾಯಿಯಿಲ್ಲದ ತಮ್ಮನನ್ನು ಸಾಕಿದವಳು ಅವಳೇ. ಅವನು ಒಂದು ದಡ ಸೇರಲಿ ಎಂದು ತನ್ನ ಮದುವೆಯ ಮಾತನ್ನು ಮುಂದೂಡುತ್ತಲೇ ತಲೆ ನರೆತವಳು.

ನೆರೆಮನೆಯ ಇಬ್ಬರನ್ನು ಪಂಚರಾಗಿ ಕೂರಿಸಿ ಪಂಚನಾಮೆ ಶುರುವಾಯಿತು. ಡಿಸ್ಕಿನ ನಂಬರ್ ಬರೆದುಕೊಂಡರೆ ಸಾಕಲ್ಲವೇ ಎಂದ ದಫೇದಾರ.

"ಒಳಗಿರೋದನ್ನೂ ನೋಡಿ ಬರೀಬೇಕು," ಅಂದ ಇನ್‌ಸ್ಪೆಕ್ಟರ್. ಸಂಕಲನಕಾರನಿಗೆ ಲ್ಯಾಪ್‌ಟಾಪ್ ತರಲು ಹೇಳಿಕಳಿಸಿ, "ನೀವೂ ಬನ್ನಿ ಅಮ್ಮ," ಎಂದು ಅಕ್ಕನನ್ನು ಕರೆದ.

೧೧.೪೦ಕ್ಕೆ ದೃಶ್ಯ ಶುರುವಾಯಿತು. ತೆರೆಯ ತುಂಬ ನಾಯಕನ ಮುಖ. ಅಂಚಿನಲ್ಲಿ ಇನ್ನೊಬ್ಬನ ಬೆನ್ನು, ಒಂದು ಹೆಗಲು. ಮಾತು ಮಾತ್ರ ಡಾಕ್ಟರಪ್ಪನದು. ಮಗನನ್ನು ಕಳೆದುಕೊಂಡ ತಂದೆಯ ಮಾತು. ಕೇಳುತ್ತ ಪಂಚರಲ್ಲೊಬ್ಬ ಕಣ್ಣೊರೆಸಿಕೊಂಡ. ನಾಲ್ಕು ನಿಮಿಷ ಮುಗಿಯಿತು. ಮುಖ ಒಮ್ಮೆಯೂ ಬರಲಿಲ್ಲ.

"ನನ್ನ ಮುಖ ಕಾಣೋ ಹಾಗೆ ತೆಗೆದಿದ್ದು?" ಎಂದು ಡಾಕ್ಟರಪ್ಪ ಕೇಳಿದ.

ಸಂಕಲನಕಾರ ನೆಲ ನೋಡಿದ. "ತೆಗೆದೇ ಇಲ್ಲಪ್ಪ. ಅವತ್ತು ಬೆಳಕು ಹೋಯ್ತು."

ದಫೇದಾರನ ಪೆನ್ನು ನಿಂತಿತು. "ಮುಖವೇ ಕಾಣಲ್ಲ. ಯಾರು ಅಂತ ಬರೀಲಿ ಸಾರ್?"

"ಬರ್ಕೊಳ್ಳಿ," ಅಂದಳು ಅಕ್ಕ. "ಆ ಅಂಗಿ ನಾನು ಹೊಲಿದಿದ್ದು. ಹೆಗಲ ಹತ್ರ ಎರಡು ಸಲ ಹೊಲಿಗೆ ಹಾಕಿದ್ದೀನಿ, ನೋಡಿ. ಅವನು ನನ್ನ ತಮ್ಮ."

ಗುರುತಿಸಿದವಳಾಗಿ ಅವಳು ಸಹಿ ಹಾಕಿದಳು. ೧೨.೧೫ಕ್ಕೆ ಡಾಕ್ಟರಪ್ಪನನ್ನು ಬಂಧಿಸಲಾಯಿತು. ಬಾಗಿಲಲ್ಲಿ ಅಕ್ಕ ಅವನ ಕಾಲರ್ ಸರಿಮಾಡಿ, "ಚೆನ್ನಾಗಿ ಮಾತಾಡಿದ್ದೀಯ ಕಣೋ," ಅಂದಳು. ಅವನು ಜೀಪಿನಲ್ಲಿ ಕೂತು ಮುಖ ಮುಚ್ಚಿಕೊಂಡು ಅತ್ತ.

ಠಾಣೆಗೆ ಬಂದ ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆದು ಬರೆದ: "ಕಳವಿನ ಉದ್ದೇಶ: ತಾನು ಸುಳ್ಳು ಹೇಳಿಲ್ಲವೆಂದು ಅಕ್ಕನಿಗೆ ತೋರಿಸುವುದು. ಉದ್ದೇಶ ಈಡೇರಿದೆ."