ಅವಳು ತೊಳೆದುಬಿಟ್ಟ ಧೂಳು

"ಇದು ಹಲ್ಲಿನ ಲ್ಯಾಬ್ ರೀ, ಗುಜರಿ ಅಂಗಡಿ ಅಲ್ಲ!"

ಅಷ್ಟು ಜೋರಾಗಿ ಹೇಳಬೇಕೆಂದು ಅವಳು ಅಂದುಕೊಂಡಿರಲಿಲ್ಲ. ದಿನವಿಡೀ ಬಾಯಿ ಬಿಡದವರ ದನಿಯೇ ಹಾಗೆ... ಹೊರಗೆ ಬಂದಾಗ ಅಳತೆ ತಪ್ಪಿರುತ್ತದೆ.

ಬಾಗಿಲಲ್ಲಿ ನಿಂತಿದ್ದ ಎತ್ತರದ ಮನುಷ್ಯ ಜಗ್ಗಲಿಲ್ಲ. ಕಿವಿಯ ಮೇಲೆ ನರೆ, ಇಸ್ತ್ರಿ ಮಾಡಿದ ಅಂಗಿ, ಪೆರೇಡಿಗೆ ನಿಂತಂತೆ ನೆಟ್ಟಗಿನ ಬೆನ್ನು.

"ಗುಜರಿ ಅಂಗಡಿಯವನು ಇಷ್ಟು ಬೈಯಲ್ಲ ಬಿಡಿ," ಎಂದ. "ನೀವು ಸವೆಯಿತು ಅಂತ ಬಿಸಾಡೋ ಡ್ರಿಲ್ ಸೂಜಿ ಕೇಳಿದೆ, ಅಷ್ಟೇ."

"ಏನು ಕೊರೀತೀರಿ ಅದರಲ್ಲಿ? ನಿಮ್ಮ ಹಲ್ಲನ್ನಾ?"

"ಲಾರೀನ."

"ಲಾರೀನಾ?!"

ಅವನು ಜೇಬಿನಿಂದ ಬೆಂಕಿಪೊಟ್ಟಣ ತೆಗೆದ. ಒಳಗೆ ಹತ್ತಿಯ ಮೇಲೆ ಕಾಳುಮೆಣಸಿನ ಗಾತ್ರದ ಪ್ಲಾಸ್ಟಿಕ್ ಗುಂಡು.

"ಇದು ಹೆಡ್‌ಲೈಟು. ಬಿಡಿಭಾಗದ ಕಿಟ್ ತಂದು ಮಿಲಿಟರಿ ಲಾರಿಯ ಪುಟ್ಟ ಮಾದರಿ ಕಟ್ತಾ ಇದೀನಿ, ನಿಜವಾದ ಗಾಡೀಲಿ ಮೂವತ್ತೈದರಲ್ಲಿ ಒಂದು ಪಾಲು. ಇದನ್ನ ಟೊಳ್ಳು ಮಾಡಿ ಒಳಗೆ ಬಲ್ಬು ಕೂರಿಸಬೇಕು. ನನ್ನ ಹತ್ತಿರ ಇರೋ ಸೂಜಿ ಎಲ್ಲ ದಪ್ಪ."

ಅವಳು ಕೈಚಾಚಿದಳು. ಆ ಗುಂಡನ್ನು ಚಿಮಟದಲ್ಲಿ ಹಿಡಿದು, ಭೂತಗನ್ನಡಿಯ ದೀಪದ ಕೆಳಗಿಟ್ಟು, ಯಂತ್ರ ಚಾಲು ಮಾಡಿದಳು. ಅರ್ಧ ನಿಮಿಷ. ಒಳಗೆ ನುಣುಪಾದ ಬಟ್ಟಲಿನಂಥ ಗುಳಿ!

ಅವನು ಹೆಡ್‌ಲೈಟನ್ನು ನೋಡಲಿಲ್ಲ. ಅವಳ ಕೈ ನೋಡಿದ.

"ಒಂಚೂರೂ ನಡುಗಲಿಲ್ಲವಲ್ರೀ..."

ಹತ್ತೊಂಬತ್ತು ವರ್ಷಗಳಿಂದ ಆ ಹಿಂದಿನ ಕೋಣೆಯಲ್ಲಿ ಕೂತು ಅವಳು ಹಲ್ಲು ಮಾಡುತ್ತಿದ್ದಳು. ಆ ಊರಿನ ಅರ್ಧದಷ್ಟು ನಗು ಅವಳ ಕೈಯಿಂದಲೇ ಹೋದದ್ದು. ಆದರೆ ಹಲ್ಲು ಹಾಕಿಸಿಕೊಂಡವರು ನಗುತ್ತಿದ್ದುದು ಮುಂದಿನ ಕೋಣೆಯಲ್ಲಿ, ಡಾಕ್ಟರಮ್ಮನ ಎದುರಿಗೆ. ಈ ಕೈಗಳನ್ನು ಯಾರು ನೋಡಿದ್ದರು?

ಅವನು ಅದೇ ಕಟ್ಟಡದ ಕೆಳಗಿನ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಿದ್ದ. ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ, ಕೆಟ್ಟು ನಿಂತ ವಾಹನಗಳನ್ನು ಎಳೆದು ತರುವ ಲಾರಿಯ ಚಾಲಕ. ಈಗ ಕಟ್ಟುತ್ತಿದ್ದುದು ಅದೇ ಲಾರಿ.

"ಮದುವೆ?" ಎಂದು ಒಮ್ಮೆ ಅವಳೇ ಕೇಳಿ, ಕೇಳಿದ್ದಕ್ಕೆ ನಾಲಿಗೆ ಕಚ್ಚಿಕೊಂಡಳು.

"ರಜ ಸಿಗಲಿಲ್ಲ," ಎಂದ ಅವನು. "ನಿಮಗೆ?"

"ಮಾತುಕತೆವರೆಗೂ ಬಂದಿತ್ತು. ಅವರಿಗೆ ಮಾತಾಡೋ ಹುಡುಗಿ ಬೇಕಿತ್ತಂತೆ."

"ನನ್ನನ್ನ ಬೈದಾಗ ಅವರು ಕೇಳಿಸಿಕೊಳ್ಳಬೇಕಿತ್ತು!"

ಅವಳು ನಕ್ಕಳು... ನಕ್ಕ ಮೇಲೆ ಕೋಣೆಯಲ್ಲಿ ಯಾರು ನಕ್ಕರೆಂಬಂತೆ ಸುತ್ತ ನೋಡಿದಳು.

ಹೆಡ್‌ಲೈಟ್ ಕೊರೆದ ದಿನದಿಂದಲೇ ಅವನು ಮಧ್ಯಾಹ್ನದ ಬಿಡುವಿನಲ್ಲಿ ಬೆಂಕಿಪೊಟ್ಟಣ ಹಿಡಿದು ಬರತೊಡಗಿದ್ದ. ಒಮ್ಮೆ ಬಾಗಿಲ ಹಿಡಿ, ಒಮ್ಮೆ ತಾಮ್ರದ ತಂತಿ ಹೊಸೆದು ಮಾಡಿದ ಎಳೆಯುವ ಹಗ್ಗ. ಪ್ಲಾಸ್ಟಿಕ್ ಚೌಕಟ್ಟಿನಿಂದ ಭಾಗಗಳನ್ನು ಕತ್ತರಿಸುವುದು, ಅಂಚಿನ ಮುಳ್ಳು ಉಜ್ಜುವುದು, ಕೂದಲಿನಷ್ಟೇ ಅಂಟು ಹಚ್ಚಿ ಉಸಿರು ಬಿಗಿಹಿಡಿದು ಕೂರಿಸುವುದು... ಅವಳಿಗೆ ಏನೂ ಹೊಸದಲ್ಲ. ಹೊಸದೆಂದರೆ ಪಕ್ಕದಲ್ಲಿ ಇನ್ನೊಬ್ಬರೂ ಉಸಿರು ಬಿಗಿಹಿಡಿದಿರುವುದು!

ಸಂಜೆ ಅವಳ ಎರಡು ಕೋಣೆಯ ಮನೆಯಲ್ಲಿ ಮಾತಾಡುತ್ತಿದ್ದುದು ಫ್ರಿಜ್ ಒಂದೇ. ಅವಳು ನಿಂತುಕೊಂಡೇ ಊಟ ಮುಗಿಸುತ್ತಿದ್ದಳು. ಒಬ್ಬಳಿಗಾಗಿ ಕುರ್ಚಿ ಎಳೆಯುವ ಸದ್ದು ಯಾಕೋ ಅತಿಯೆನಿಸುತ್ತಿತ್ತು. ಆದರೆ ಅವನು ಬರುತ್ತಿದ್ದ ಆ ನಾಲ್ಕು ತಿಂಗಳು ಕಾಯಲು ನಾಳೆಯ ಮಧ್ಯಾಹ್ನವೆಂಬುದೊಂದು ಇತ್ತು.

ಲಾರಿಗೆ ಹಸಿರು ಬಣ್ಣ ಬಳಿದ ದಿನ ಅವನು ಪೂರ್ತಿ ಗಾಡಿಯನ್ನೇ ತಂದು ತೋರಿಸಿದ. ಅಂಗೈ ಮೇಲೆ ನಿಲ್ಲುವ ಲಾರಿ!

"ಮುಗೀತಾ?" ಅವಳು ಕೇಳಿದಳು. ಮುಗಿದರೆ ಅವನು ಇಲ್ಲಿಗೆ ಯಾಕೆ ಬರುತ್ತಾನೆ?

"ಇನ್ನೂ ಇದೆ," ಎಂದಷ್ಟೇ ಹೇಳಿ ಹೋದ.

ತಿಂಗಳ ಮೇಲೆ ಒಂದು ರಟ್ಟಿನ ಡಬ್ಬಿ ತಂದು ಅವಳ ಮೇಜಿನ ಮೇಲಿಟ್ಟ.

"ಮನೆ ಗೋಡೆ ಕೆರೆದು ಬಣ್ಣ ಹೊಡೀತಿದಾರೆ. ಎಲ್ಲಿ ನೋಡಿದ್ರೂ ಧೂಳು. ನಾಲ್ಕು ದಿನ ಇದು ನಿಮ್ಮ ಕಪಾಟಿನಲ್ಲಿರಲಿ. ಬೇರೆ ಯಾರ ಹತ್ತಿರವೂ ಬಿಡೋ ಧೈರ್ಯ ಇಲ್ಲ ನನಗೆ."

ಆ ಕೊನೆಯ ಮಾತನ್ನು ಅವಳು ಮನೆಗೆ ಒಯ್ದಳು. ರಾತ್ರಿಯ ಊಟಕ್ಕೆ ಕುರ್ಚಿ ಎಳೆದು ಕೂತಳು.

ಮೂರನೇ ದಿನ ತಡೆಯಲಾಗದೆ ಡಬ್ಬಿ ತೆರೆದಳು.

ಅಯ್ಯೋ ದೇವರೇ! ಲಾರಿಯ ಮೈತುಂಬ ಧೂಳು. ಬಾಗಿಲು, ಚಕ್ರ, ಕಿಟಕಿ, ಎಲ್ಲೆಡೆ ಮಾಸಲು ಕಂದು ಹುಡಿ. ಗೋಡೆ ಕೆರೆದದ್ದೆಲ್ಲ ಇದರ ಮೇಲೇ ಬಿದ್ದಿದೆ, ಪಾಪ! ಅವನು ನೋಡಿದರೆ ಎಷ್ಟು ನೊಂದುಕೊಳ್ಳುತ್ತಾನೋ...

'ಅವನು ನೋಡುವ ಮೊದಲೇ ಸರಿಮಾಡಿಬಿಡುತ್ತೇನೆ.'

ಬೆಚ್ಚಗಿನ ನೀರು, ಒಂದು ಹನಿ ಸೋಪು, ಅವಳ ಬಳಿಯಿದ್ದ ಅತಿ ಮೃದುವಾದ ಕುಂಚ. ಎರಡು ಗಂಟೆ ಹಿಡಿಯಿತು. ಒಂದು ಹಿಡಿಯೂ ಮುರಿಯಲಿಲ್ಲ, ಒಂದು ಕನ್ನಡಿಯೂ ಅಲ್ಲಾಡಲಿಲ್ಲ. ಯಾರಿಗಾದರೂ ಅವಳು ಕೊಡಬಲ್ಲದ್ದು ಈ ಜೋಪಾನವೊಂದೇ. ಅದನ್ನು ಪೂರ್ತಿಯಾಗಿ ಕೊಟ್ಟಳು. ಕೊನೆಗೆ ಗಾಳಿಯೂದಿ ಒಣಗಿಸಿದಾಗ ಹಸಿರು ಪಳಪಳ ಹೊಳೆಯಿತು.

ಮರುದಿನ ಅವನು ಡಬ್ಬಿ ತೆರೆಯುವಾಗ ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. ಈಗ ನಗುತ್ತಾನೆ... ಈಗ...

"ತೊಳೆದ್ರಾ?"

"ಹೂಂ. ಎರಡು ಗಂಟೆ ಬೇಕಾಯ್ತು!"

ಅವನು ಕಿರುಬೆರಳಿನಿಂದ ಎಡಗಡೆಯ ಕಿಟಕಿಯನ್ನು ಮುಟ್ಟಿದ. ಬಹಳ ಹೊತ್ತು ಬೆರಳು ಅಲ್ಲೇ ಇತ್ತು.

"ತುಂಬಾ ಚೆನ್ನಾಗಿ ತೊಳೆದಿದ್ದೀರಿ," ಎಂದು ಮುಚ್ಚಳ ಮುಚ್ಚಿ, ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದುಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕೆಳಗೆ ಕಾರು ನಿಲ್ಲುವ, ಹೊರಡುವ ಸದ್ದು ಮಾತ್ರ ಕೇಳುತ್ತಿತ್ತು.

"ಧೂಳು ಒರೆಸಿದ್ದಕ್ಕೆ ಮುನಿಸಿಕೊಂಡ್ನಾ?" ಫೋನಿನಲ್ಲಿ ಅಕ್ಕ ಬಿದ್ದುಬಿದ್ದು ನಕ್ಕಳು. "ನಮ್ಮನೆಗೆ ಕಳಿಸೇ ಅವನನ್ನ. ನಿಮ್ಮ ಭಾವನ ಕಪಾಟಿನ ಮೇಲೆ ಬೇಕಾದಷ್ಟು ಧೂಳಿದೆ, ತುಂಬಿಸಿಕೊಂಡು ಹೋಗ್ಲಿ!"

"ನಗಬೇಡ ಅಕ್ಕಾ..."

ಆ ದನಿ ಕೇಳಿ ಅಕ್ಕನ ನಗು ನಿಂತಿತು. "ಏನೇ... ಅಷ್ಟೊಂದಾ?"

ಅವಳು ಮೂಗೆಳೆದುಕೊಂಡಳು. ಅಕ್ಕನಿಗೆ ಅದೇ ಉತ್ತರವಾಯಿತು.

ಹತ್ತನೆಯ ದಿನ, ಮುದುಕರೊಬ್ಬರಿಗಾಗಿ ಅವಳೇ ಮಾಡಿದ್ದ ಮುಂದಿನ ಹಲ್ಲೊಂದು ಅವಳ ಮೇಜಿಗೆ ಮರಳಿ ಬಂತು. ಡಾಕ್ಟರಮ್ಮ ಬಾಗಿಲಲ್ಲಿ ಇಣುಕಿ, "ತುಂಬ ಬಿಳಿಯಾಯ್ತು ಕಣೇ. ಅವರ ಬಾಯಲ್ಲಿ ಅದೊಂದೇ ಟ್ಯೂಬ್‌ಲೈಟ್ ಥರ ಕಾಣತ್ತೆ. ಸ್ವಲ್ಪ ಹಳೇದು ಮಾಡು," ಎಂದು ಹೋದರು.

ಅವಳು ಕಂದು ಬಣ್ಣದಲ್ಲಿ ಕುಂಚ ಅದ್ದಿದಳು. ಬುಡದಲ್ಲಿ ಐವತ್ತು ವರ್ಷದ ಚಹಾದ ಕಲೆ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ದಿನವೂ ಮಾಡುವ ಕೆಲಸ... ಕಲೆಯನ್ನು ಹುಟ್ಟಿಸುವ ಕೆಲಸ.

ಕುಂಚ ಗಾಳಿಯಲ್ಲೇ ನಿಂತಿತು.

ಆ ಧೂಳು! ಚಕ್ರದ ಹತ್ತಿರ ದಟ್ಟವಾಗಿ, ಮೇಲೆ ಹೋದಂತೆ ತೆಳ್ಳಗೆ. ಮುಂದಿನ ಗಾಜಿನ ಮೇಲೆ ವೈಪರ್ ತಿರುಗಿದಷ್ಟು ಜಾಗ ಕಮಾನಿನಂತೆ ಸ್ವಚ್ಛ. ಗೋಡೆಯ ಧೂಳು ಹಾಗೆ ಬೀಳುತ್ತದೆಯೇ? ಅದು ಬಿದ್ದ ಧೂಳಲ್ಲ, ಹಚ್ಚಿದ್ದು! ಒಂದು ತಿಂಗಳು ಕೂತು ಹಚ್ಚಿದ್ದು!

'ಜಗತ್ತಿನಲ್ಲಿ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು...'

ಮರುದಿನ ರಜ. ಹಿಂದಿನ ಬೀದಿಯಲ್ಲಿದ್ದ ಅವನ ಮನೆಯನ್ನು ಕೇಳಿಕೊಂಡು ಹೋದಳು. ಅವನು ಬಾಗಿಲು ತೆರೆದಾಗ ಹೊಸ ಬಣ್ಣದ ವಾಸನೆ ಹೊರಬಂತು. ಒಂದು ಮೇಜು, ಒಂದು ಕುರ್ಚಿ. ಕಿಟಕಿಯ ಕಟ್ಟೆಯ ಮೇಲೆ ಲಾರಿ, ಅವಳು ತೊಳೆದಂತೆಯೇ ಹೊಳೆಯುತ್ತಿತ್ತು.

"ನನಗೆ ಗೊತ್ತಾಗಲಿಲ್ಲ," ಅವಳು ಹೊಸ್ತಿಲಲ್ಲೇ ಹೇಳಿದಳು. "ಗೋಡೆಯ ಧೂಳು ಅಂದ್ಕೊಂಡೆ. ಬೈಯಿರಿ, ಬೇಕಾದಷ್ಟು ಬೈಯಿರಿ. ಆದ್ರೆ ಹೀಗೆ ಬರದೇ ಇರಬೇಡಿ. ಮತ್ತೆ ನಾನೇ ಹಚ್ಚಿಕೊಡ್ತೀನಿ. ಎಲ್ಲೆಲ್ಲಿ ಎಷ್ಟಿತ್ತು ಅಂತ ಹೇಳಿ ಸಾಕು."

"ಕೂತ್ಕೊಳ್ಳಿ ಮೊದಲು."

ಒಂದೇ ಕುರ್ಚಿಯನ್ನು ಅವಳಿಗೆ ಕೊಟ್ಟು ಅವನು ಕಿಟಕಿಗೆ ಒರಗಿ ನಿಂತ.

"ಧೂಳು ಹೋಗಿದ್ದಕ್ಕಲ್ಲ. ಎಡಗಡೆ ಕಿಟಕೀಲಿ, ಆ ಧೂಳಿನ ನಡುವೆ ಒಂದು ಒರೆಸಿದ ಜಾಗ ಮಾಡಿದ್ದೆ. ಅಕ್ಕಿಕಾಳಿನಷ್ಟು. ನಿಜವಾದ ಗಾಡೀಲಿ ಅಂಗೈಯಷ್ಟು."

ಅವಳು ಕಟ್ಟೆಯ ಮೇಲಿನ ಲಾರಿಯ ಕಡೆ ನೋಡಿದಳು.

"ನನ್ನ ಪಕ್ಕ ಒಬ್ಬ ಕೂರ್ತಿದ್ದ. ಹದಿನೆಂಟು ವರ್ಷ ಒಂದೇ ಗಾಡಿ ನಮ್ಮಿಬ್ಬರಿಗೆ. ಅವನು ಗಾಜು ಇಳಿಸ್ತಾನೇ ಇರಲಿಲ್ಲ, ಚಳಿ ಅಂತ. ಹತ್ತೋ ಮುಂಚೆ ಅಂಗೈಯಿಂದ ಗಾಜನ್ನ ಒಂದಿಷ್ಟು ಒರೆಸಿ, ಅದರಲ್ಲೇ ಹೊರಗೆ ನೋಡ್ತಿದ್ದ. ಯುದ್ಧದಲ್ಲಿ ಹೋಗಲಿಲ್ಲ ಅವನು, ಜ್ವರದಲ್ಲಿ ಹೋದ. ಆಮೇಲೂ ಆ ಜಾಗ ಹಾಗೇ ಇತ್ತು, ಒಂದು ವಾರ. ದಿನಾ ನೋಡ್ತಿದ್ದೆ. ದಿನಾ ಸ್ವಲ್ಪ ಮಸುಕು."

ಧೂಳಿದ್ದರೆ ಮಾತ್ರ ಒರೆಸಿದ ಜಾಗ. ಧೂಳಿನ ಜೊತೆ ಅದೂ ಹೋಗಿತ್ತು... ತನ್ನ ಕೈಯಿಂದಲೇ! ಅವಳು ಎರಡೂ ಕೈಗಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು. ಕಣ್ಣೀರು ತಡೆಯಲಾಗಲಿಲ್ಲ.

"ಆ ಕೈಗಳನ್ನೇ ಯಾಕೆ ಬಚ್ಚಿಡ್ತೀರಿ?" ಅವನ ದನಿ ಮೃದುವಾಯಿತು. "ನಿಮ್ಮ ಮೇಲೆ ಕೋಪ ಇದ್ದಿದ್ರೆ ಅಲ್ಲೇ ಬೈದು ಬರ್ತಿದ್ದೆ. ನೀವು ಎಷ್ಟು ಖುಷಿಯಾಗಿ ನಿಂತಿದ್ರಿ! ಇದನ್ನ ಹೇಳಿದ್ರೆ ಆ ಮುಖ ಏನಾಗತ್ತೆ ಅಂತ... ಹೇಳದೇ ಎದುರಿಗೆ ಕೂತರೆ ನಾನೇ ಅತ್ತುಬಿಡ್ತೀನಿ ಅಂತ. ಅದಕ್ಕೆ ಬರಲಿಲ್ಲ."

"ಮತ್ತೆ ಹಚ್ಚೋಣ. ಆ ಜಾಗ ನೀವೇ ಒರೆಸಿ."

"ಕೂತಿದ್ದೆ, ಮೊನ್ನೆ. ಪುಡಿ, ಕುಂಚ ಎಲ್ಲ ಇಟ್ಕೊಂಡು." ಅವನು ಲಾರಿಯ ಕಡೆ ತಿರುಗಿದ. ತುಟಿಯ ಮೂಲೆಯಲ್ಲಿ ನಗು ಬಂತು. "ಆಗ ಅವನು ಇದ್ದಿದ್ರೆ ಏನಂತಿದ್ದ ಅಂತ ಯೋಚನೆ ಬಂತು. ಗಾಡಿ ತೊಳೀರೋ, ತೊಳೀರೋ ಅಂತ ಹದಿನೆಂಟು ವರ್ಷ ಮೇಲಿನವರಿಂದ ಬೈಸಿಕೊಂಡ್ವಿ. ಒಂದು ದಿನಾನೂ ನೆಟ್ಟಗೆ ತೊಳೆಯಲಿಲ್ಲ. 'ಅಂತೂ ಯಾರೋ ಬಂದು ತೊಳೆದ್ರಲ್ಲೋ, ಮಾನ ಉಳೀತು!' ಅಂದು ಹೊಟ್ಟೆ ಹಿಡ್ಕೊಂಡು ನಗ್ತಿದ್ದ. ಅವನು ಹೋದ ಮೇಲೆ ಅವನ ನಗು ನೆನಪಾಗಿದ್ದು ಅವತ್ತೇ ಮೊದಲು. ಬರೀ ಆ ಕಿಟಕೀನೇ ನೆನಪಾಗ್ತಿತ್ತು... ಇದು ಹೀಗೇ ಇರಲಿ."

ಅವಳು ಸೆರಗಿನಿಂದ ಕೈಗಳನ್ನು ಹೊರತೆಗೆದು ಮಡಿಲಲ್ಲಿಟ್ಟುಕೊಂಡಳು.

"ನಾನೊಂದು ಹೇಳ್ಲಾ?" ಅವಳು ತಲೆತಗ್ಗಿಸಿಯೇ ಕೇಳಿದಳು. "ಹತ್ತೊಂಬತ್ತು ವರ್ಷ ಆ ಕೋಣೇಲಿ ನನಗೆ ಬೇಜಾರು ಅಂತ ಅನಿಸಿರಲೇ ಇಲ್ಲ. ಜೀವನ ಅಂದ್ರೆ ಇಷ್ಟೇ ಅಂದ್ಕೊಂಡಿದ್ದೆ. ನೀವು ಬರೋಕೆ ಶುರು ಮಾಡಿದ್ರಿ, ಮಧ್ಯಾಹ್ನಕ್ಕೆ ಕಾಯೋಕೆ ಕಲಿಸಿದ್ರಿ... ಈಗ ನನಗೆ ಒಬ್ಬಳೇ ಇರೋಕೆ ಬರ್ತಾ ಇಲ್ಲ."

ಅವನು ಒಳಗೆ ಹೋಗಿ ಇನ್ನೂ ಬಿಚ್ಚಿರದ ದೊಡ್ಡ ಪೆಟ್ಟಿಗೆಯೊಂದನ್ನು ತಂದು ಅವಳ ಮುಂದಿಟ್ಟ. ಮುಚ್ಚಳದ ಮೇಲೆ, ಚಕ್ರಗಳ ಸುತ್ತ ಉಕ್ಕಿನ ಪಟ್ಟಿ ಸುತ್ತಿದ ಯುದ್ಧದ ಟ್ಯಾಂಕಿನ ಚಿತ್ರ.

"ಹೋದ ವಾರ ತಂದೆ. ಇದರ ಪಟ್ಟಿಗೆ ನೂರ ಎಪ್ಪತ್ತಾರು ಕೊಂಡಿ. ಒಂದೊಂದನ್ನೂ ಬಿಡಿಬಿಡಿಯಾಗಿ ಜೋಡಿಸಬೇಕು."

ಅವಳು ಕಣ್ಣೊರೆಸಿಕೊಂಡು ಚಿತ್ರವನ್ನು ನೋಡಿದಳು. "ಎಷ್ಟು ದಿನದ ಕೆಲಸ?"

"ಒಬ್ಬನೇ ಮಾಡಿದ್ರೆ ಮೂರು ವಾರ."

"ಇಬ್ಬರಾದ್ರೆ ಬೇಗ ಮುಗಿಯತ್ತಾ?"

"ಎಲ್ಲಿ ಮುಗಿಯತ್ತೆ!" ಅವನು ಅವಳ ಪಕ್ಕ ನೆಲದ ಮೇಲೇ ಕೂತ. "ಇಬ್ಬರಾದ್ರೆ ಮಾತಾಡ್ತಾ ಕೂತ್ಬಿಡ್ತೀವಿ. ವರ್ಷಗಟ್ಟಲೆ ಹಿಡಿಯತ್ತೆ."

"ಹಿಡೀಲಿ ಬಿಡಿ," ಎಂದಳು ಅವಳು, ಪೆಟ್ಟಿಗೆಯ ಮುಚ್ಚಳ ತೆಗೆಯುತ್ತ. "ನನಗೇನೂ ಅವಸರ ಇಲ್ಲ."