ಆರದ ಕೆಂಡ, ಕೊಬ್ಬು ಕೊಯ್ಯುವ ಈರಭದ್ರ

ಬಹಳ ಬಹಳ ಹಿಂದೆ, ಒಬ್ಬ ಮನುಷ್ಯನ ಎಡಗಿವಿಯ ಹಿಂದೆ ಜೀವಕೋಶವೆಂಬ ರಾಜ್ಯವಿತ್ತು. ಬಲಗಿವಿ ಎನ್ನುವವರೂ ಉಂಟು, ಇರಲಿ ಬಿಡಿ. ಅದರ ಕೋಟೆಗೋಡೆ ಪೂರಾ ಕೊಬ್ಬಿನದು. ಹೊರಗಿನ ದೂತರು ಒಳಗೆ ಕಾಲಿಡುವಂತಿಲ್ಲ. ಬಾಗಿಲು ತಟ್ಟಬೇಕು, ಅಷ್ಟೇ.

ತಟ್ಟಿದೊಡನೆ ಬಾಗಿಲಜ್ಜಿ ಹೊನ್ನಾತಾಯಿ ಒಂದು ಕೈಲಿ ಕೆಂಡ ಹಿಡಿದು, ಅದು ಆರುವವರೆಗೆ ಇನ್ನೊಂದು ಕೈಲಿ ಗಂಟೆ ಬಾರಿಸುವಳು. ಗಂಟೆ ಕೇಳಿದರೆ ಕಾವಲಾಳು ಈರಭದ್ರ ತನ್ನ ಚೂರಿಯಿಂದ ಗೋಡೆಯೊಳಗಿನ ಕೊಬ್ಬಿನ ಗೊಂಬೆಯನ್ನು ಕುತ್ತಿಗೆಗೆ ಸರಿಯಾಗಿ ಕೊಯ್ಯುವನು. ತಲೆ ತೇಲಿಕೊಂಡು ಹೋಗಿ ಸುಣ್ಣದ ಕೆರೆಯ ತೂಬು ತೆಗೆಯುವುದು. ಮುಂಡ ಗೋಡೆಯಲ್ಲೇ ನಿಂತು, ಸುಣ್ಣದ ನೀರು ಬಂದೊಡನೆ ಕಾವಲಿನ ಹುಲಿಯನ್ನು ಎಬ್ಬಿಸುವುದು. ಹುಲಿ ಯಾರಿಗೆ ಪಂಜದ ಗುರುತು ಒತ್ತಿತೋ ಅವರು ಕೆಲಸಕ್ಕೆ ಏಳಬೇಕು. ಹೊರಗಿನ ಸುದ್ದಿ ಒಳಗೆ ಮುಟ್ಟುತ್ತಿದ್ದದ್ದು ಹೀಗೆ.

ಒಂದು ದಿನ ಗಂಟೆ ನಿಲ್ಲಲೇ ಇಲ್ಲ.

ಈರಭದ್ರ ಕೊಯ್ದ. ಕೊಯ್ದ. ಇನ್ನೂ ಕೊಯ್ದ. ಗೋಡೆ ತೆಳ್ಳಗಾಗಿ ಬಿರುಕು ಬಿಟ್ಟಿತು. ಸುಣ್ಣದ ನೀರು ಬೀದಿಗೆ ನುಗ್ಗಿತು. ಹುಲಿ ಹುಚ್ಚೆದ್ದು ಸಿಕ್ಕಸಿಕ್ಕವರಿಗೆ ಪಂಜ ಒತ್ತಿತು.

"ಅಜ್ಜೀ, ಸಾಕು ಮಾಡೇ! ಊರು ಮುಳುಗ್ತಿದೆ!"

"ಕೆಂಡ ಆರ್ತಿಲ್ವೋ ಮಗಾ! ನಾನೇನು ಖುಷಿಗೆ ಬಾರಿಸ್ತಿದೀನಾ?"

ಗೋಡೆಯಾಚೆ ಕೀವಾಸುರನೆಂಬ ಮಾಯಾವಿ ಕಿಸಕ್ಕೆಂದ. ಕೆಂಡಕ್ಕೆ ಆರದ ಮಂತ್ರ ಹಾಕಿದವನು ಅವನೇ. ರಾಜ್ಯ ಕರಗಿದರೆ ನೆಕ್ಕಿ ಮುಗಿಸುವ ಆಸೆ ಅವನಿಗೆ.

ಈರಭದ್ರ ಕಿವಿಗೆ ಕೊಬ್ಬು ತುರುಕಿಕೊಂಡ. ಕೈ ತಾನಾಗಿಯೇ ಕೊಯ್ದಿತು. ನೀರು ಮೊಣಕಾಲಿಗೆ ಬಂತು.

ಕೆಂಡದ ಮೇಲೆ ನೀರು ಎರಚಿದ, ಉಫ್ ಎಂದು ಊದಿದ. ಅದು ಇನ್ನೂ ನಿಗಿನಿಗಿ ಉರಿಯಿತು. ನೀರು ಸೊಂಟಕ್ಕೆ ಬಂತು.

ಕೆಂಡ ಆರಿಸಲು ಉಳಿದದ್ದು ಅವನ ಚೂರಿಯೊಂದೇ. ಆದರೆ ಬೆಂಕಿ ಮುಟ್ಟಿದ ಚೂರಿ ಮತ್ತೆಂದೂ ಕೊಯ್ಯದು ಎಂದು ಹಿರಿಯರು ಹೇಳಿಟ್ಟಿದ್ದರು. ನೀರು ಎದೆಗೆ ಬಂತು.

"ಬೇಡ ಕಣೋ! ಚೂರಿ ಹೋದ್ರೆ ನೀನ್ಯಾರೋ ಆಮೇಲೆ?"

"ಊರೇ ಹೋದ್ರೆ ನಾನೆಲ್ಲಿರ್ತೀನಿ ಅಜ್ಜೀ? ಕೈ ಚಾಚು!"

ಚೂರಿಯ ಅಲಗನ್ನು ಕೆಂಡಕ್ಕೆ ಒತ್ತಿದ. ಚೊಂಯ್! ಕೆಂಡ ಬೂದಿಯಾಯಿತು. ಗಂಟೆ ನಿಂತಿತು.

ಏತದವರು ನೀರನ್ನೆಲ್ಲ ಕೆರೆಗೆ ಎತ್ತಿ ಸುರಿದರು. ಹುಲಿ ಆಕಳಿಸಿ ಮಲಗಿತು. ಗೊಂಬೆಗಳು ಮತ್ತೆ ಕೂಡಿಕೊಂಡವು. ಅಷ್ಟರಲ್ಲಿ ಆತುರಗಾರ ಕೀವಾಸುರ ಗೋಡೆಯ ಬಿರುಕಿಗೆ ನಾಲಿಗೆ ಚಾಚಿದ್ದ. ಬಿರುಕು ಮುಚ್ಚಿತು, ನಾಲಿಗೆ ತುಂಡಾಯಿತು. ನಾಲಿಗೆಯಿಲ್ಲದವನಿಗೆ ಮಂತ್ರ ಎಲ್ಲಿಂದ?

ಆಗ ಯಾರೋ ಬಾಗಿಲು ತಟ್ಟಿದರು. ಅಜ್ಜಿ ಹೊಸ ಕೆಂಡ ಹಿಡಿದು ಗಂಟೆ ಬಾರಿಸಿದಳು. ಈರಭದ್ರ ಉಸಿರು ಬಿಗಿಹಿಡಿದು ಕಪ್ಪಾದ ಚೂರಿಯನ್ನು ಗೊಂಬೆಯ ಕುತ್ತಿಗೆಗೆ ಇಟ್ಟ.

ಸರ್ರನೆ ಕೊಯ್ದಿತು! ಹಿರಿಯರಲ್ಲಿ ಒಬ್ಬರೂ ಆ ಮಾತನ್ನು ಪರೀಕ್ಷಿಸಿ ನೋಡಿರಲೇ ಇಲ್ಲ.

"ಮುಂಡೇದೇ, ಹೆದರಿಸಿಬಿಟ್ಟೆಯಲ್ಲೋ!" ಎಂದು ಅಜ್ಜಿ ನಕ್ಕಳು. ರಾಜ್ಯವೂ ನಕ್ಕಿತು, ಅಂದಿನಿಂದ ಎಲ್ಲರೂ ಹಾಯಾಗಿದ್ದರು.