ಪುಟಸಂಖ್ಯೆ ಇಲ್ಲದ ಹಾಳೆ

"ಕೈ ತೆಗೀರಿ! ಅಂಟು ಇನ್ನೂ ಒಣಗಿಲ್ಲ!"

ಮೇಜಿನ ಮೇಲಿದ್ದ ಪುಸ್ತಕ ಮುಟ್ಟಲು ಹೋದವನು ಬೆಚ್ಚಿಬಿದ್ದು ಎರಡು ಹೆಜ್ಜೆ ಹಿಂದೆ ಸರಿದ. ಅವನ ಕಂಕುಳಲ್ಲಿದ್ದ ಹಾಳೆಗಳ ಕಟ್ಟು ಜಾರಿ ನೆಲದ ತುಂಬಾ ಹರಡಿತು.

"ಅಯ್ಯೋ, ನನ್ನ ನಾಲ್ಕು ವರ್ಷ!" ಎಂದ ಅವನು.

ಅವಳಿಗೆ ನಗು ತಡೆಯಲಾಗಲಿಲ್ಲ.

ಕಡಲ ಪಕ್ಕದ ಆ ಪುಟ್ಟ ಊರಿಗೆ ಇದ್ದದ್ದು ಒಂದೇ ವಿಶ್ವವಿದ್ಯಾಲಯ, ಒಂದೇ ಬೈಂಡಿಂಗ್ ಅಂಗಡಿ. ಅಪ್ಪನ ಕಣ್ಣು ಮಂಜಾದ ಮೇಲೆ ಅಂಗಡಿ ಇವಳದ್ದು. ಮಾತು ಹರಿತವೆಂದು ವಿದ್ಯಾರ್ಥಿಗಳು ಇಟ್ಟ ಹೆಸರು ಕತ್ತರಿ. ಇವಳಿಗೂ ಆ ಹೆಸರು ಇಷ್ಟವೇ. ಚಳಿ ಮುಗಿಯುವ ಹೊತ್ತಿಗೆ ಸಂಶೋಧಕರೆಲ್ಲ ಪ್ರಬಂಧ ಹಿಡಿದು ಇಲ್ಲಿಗೇ ಓಡಿಬರಬೇಕು. "ನನ್ನ ಕೈಯಿಂದ ಇವತ್ತಿನವರೆಗೆ ಒಂದು ಹಾಳೆ ತಪ್ಪಿಲ್ಲ" ಎಂದು ಎದೆ ತಟ್ಟಿ ಹೇಳುತ್ತಿದ್ದಳು. ಸುಳ್ಳೇನಲ್ಲ.

ಬಂದವನು ಏಡಿಗಳ ಬಗ್ಗೆ ಸಂಶೋಧನೆ ಮಾಡಿದವನು. ಅವಳ ಬಾಯಲ್ಲಿ ಎರಡೇ ದಿನಕ್ಕೆ 'ಏಡಿ' ಆಗಿಹೋದ. ಅವನು ಮೂರು ವಾರ ದಿನಾ ಬಂದ. ಇವತ್ತು ಒಂದು ಚಿತ್ರ ಬದಲಾಗಬೇಕು, ನಾಳೆ ಒಂದು ಕೋಷ್ಟಕ. ಇಬ್ಬರೂ ಕೂತು ಹಾಳೆ ಜೋಡಿಸುವಾಗ ಅಪ್ಪ ಕಿಟಕಿ ಬಳಿ ಕೆಮ್ಮುತ್ತಿದ್ದರು, ಬೇಕೆಂದೇ.

"ಒಂದು ಮಾತು ಕೇಳ್ಲಾ?" ಎಂದ ಒಮ್ಮೆ. "ಪ್ರಬಂಧದಲ್ಲಿ ನೀವು ಏನನ್ನ ಓದ್ತೀರಿ?"

"ಏಡಿ ಕಾಲು ಎಣಿಸೋಕೆ ನನಗೆಲ್ಲಿ ಪುರುಸೊತ್ತು? ಕೃತಜ್ಞತೆಯ ಪುಟ ಮಾತ್ರ. ಅದನ್ನ ಓದದೆ ಹೊಲಿಯಲ್ಲ."

"ಹಾಗಾದ್ರೆ ಚೆನ್ನಾಗಿ ಬರೀಬೇಕು" ಎಂದು ಅವನು ಕೆಂಪಾದ. ಅವಳು ಜೋಡಿಸಿದ ಹಾಳೆಗಳನ್ನೇ ಮತ್ತೆ ಜೋಡಿಸಿದಳು. *ಯಾಕೆ ಹಾಗಂದ?*

ಕೊನೆಯ ಹಾಳೆಗಳನ್ನು ಅವನು ತಂದ ದಿನ ಗಾಳಿ ಮೊದಲ ಸಲ ಬೆಚ್ಚಗಿತ್ತು. ತಿಂಗಳುಗಟ್ಟಲೆ ಮುಚ್ಚಿದ್ದ ಕಿಟಕಿಯನ್ನು ಅಪ್ಪ ತೆರೆದರು. ಕಡಲ ಗಾಳಿ ನುಗ್ಗಿತು ನೋಡಿ... ಮೇಜಿನ ಮೇಲಿದ್ದ ಎರಡು ಪ್ರಬಂಧಗಳ ನಾಲ್ಕು ನಾಲ್ಕು ಪ್ರತಿಗಳ ಮೇಲಿನ ಹಾಳೆಗಳೆಲ್ಲ ಹಾರಿದವು! ಒಂದು ಏಡಿಯದು, ಇನ್ನೊಂದು ಹಳೇ ನಾಣ್ಯಗಳ ಸಂಶೋಧಕನದು. ಅವಳು ಎಲ್ಲವನ್ನೂ ಆರಿಸಿ ಜೋಡಿಸಿದಳು. ಹೊರಟುನಿಂತ ಏಡಿ ಬಾಗಿಲಲ್ಲೇ ನಿಂತು ನಗುತ್ತಿದ್ದ.

ಮಧ್ಯಾಹ್ನ ಹೊಲಿಯುವ ಮೊದಲು ಅವನ ಕಟ್ಟಿನಲ್ಲಿದ್ದ ಕೃತಜ್ಞತೆಯ ಪುಟ ಓದಿದಳು. 'ಮುಂದಿನ ತಿಂಗಳು ನನ್ನ ಕೈಹಿಡಿಯಲಿರುವವಳಿಗೆ, ಅವಳ ಏಳು ವರ್ಷದ ತಾಳ್ಮೆಗೆ...'

ಸೂಜಿ ಬೆರಳಿಗೆ ಚುಚ್ಚಿತು. ಏಳು ವರ್ಷ! ಮತ್ತೆ ಈ ಮೂರು ವಾರ ಏನಾಗಿತ್ತು?

ಅತ್ತಳು. ಅತ್ತರೂ ನಾಲ್ಕು ಪ್ರತಿಗಳನ್ನೂ ಅಚ್ಚುಕಟ್ಟಾಗಿಯೇ ಹೊಲಿದಳು. ಕೆಲಸದ ಮೇಲೆ ಕೋಪ ತೀರಿಸಿಕೊಳ್ಳುವವಳಲ್ಲ ಅವಳು. ನಾಣ್ಯದವನ ಪ್ರತಿಗಳನ್ನೂ ಸಂಜೆಯೇ ಹೊಲಿದುಕೊಟ್ಟಳು, ಕೃತಜ್ಞತೆಯ ಪುಟವನ್ನು ಮಾತ್ರ ಮೊದಲ ಸಲ ಓದದೆ.

ಮರುದಿನ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ.

"ಆ ಪುಟ... ಓದಿದ್ರಾ?"

"ಓದಿದೆ. ಒಳ್ಳೇದಾಗ್ಲಿ."

"ಅಷ್ಟೇನಾ?"

"ಇನ್ನೇನು, ಆರತಿ ಎತ್ತಬೇಕಿತ್ತಾ?"

ಅವನ ಮುಖ ಬಾಡಿತು. "ಇಲ್ಲಿಯ ಕಡಲ ಪ್ರಯೋಗಾಲಯದವರು ಕೆಲಸ ಕೊಟ್ಟಿದ್ದಾರೆ. ಇವತ್ತು ಹನ್ನೆರಡಕ್ಕೆ ಉತ್ತರ ಹೇಳ್ಬೇಕು. ಬೇಡ ಅಂತ ಬರ್ಕೊಟ್ಟುಬಿಡ್ತೀನಿ ಬಿಡಿ."

ಪುಸ್ತಕಗಳನ್ನು ಎತ್ತಿಕೊಂಡು ಹೊರಟೇಹೋದ. *ಹೋಗಲಿ! ನನಗೇನು?* ಎಂದುಕೊಂಡಳು. ಮುಂದಿನ ಪ್ರಬಂಧ ಎಳೆದುಕೊಂಡು ಹೊಲಿಯತೊಡಗಿದಳು.

ಹನ್ನೊಂದೂವರೆಗೆ ನಾಣ್ಯದ ಸಂಶೋಧಕ ಚೀಲ ಹೊತ್ತು ಬಂದ. ಹಿಂದೆ ಅವನ ಭಾವಿ ಹೆಂಡತಿ, ಕೆಂಡಾಮಂಡಲವಾಗಿ.

"ಬೈಂಡಿಂಗ್ ಅಂಗಡಿಯವಳು ನೀವೇನಾ?" ಎಂದಳು ಆಕೆ. "ಇವ್ರ ಪುಸ್ತಕದಲ್ಲಿ ನನ್ನ ಸುದ್ದಿಯೇ ಇಲ್ಲ. ನಿಮಗೋಸ್ಕರ ಈ ಊರಲ್ಲೇ ಉಳೀತಾರಂತೆ!"

"ನಾನು ಬರೆದಿದ್ದಲ್ಲ ಕಣೇ, ಎಷ್ಟು ಸಲ ಹೇಳ್ಲಿ!" ಎಂದು ಅವನು ಅಳುವುದೊಂದು ಬಾಕಿ.

ಕತ್ತರಿ ಪುಸ್ತಕ ಕಸಿದುಕೊಂಡು ತೆರೆದಳು.

'ಹಾಳೆ ಹಿಂದುಮುಂದಾದಾಗಲೆಲ್ಲ ಬೈದು ಸರಿಮಾಡಿದ ಬೈಂಡಿಂಗ್ ಅಂಗಡಿಯವರಿಗೆ. ಇದನ್ನು ಅವರು ಓದಿಯೇ ಹೊಲಿಯುತ್ತಾರೆಂದು ಗೊತ್ತು. ಅವರಿಗೆ ಒಪ್ಪಿಗೆಯಿದ್ದರೆ, ನನಗೆ ಈ ಊರಲ್ಲೇ ಉಳಿಯುವ ಆಸೆ.'

ಕೃತಜ್ಞತೆಯ ಪುಟಕ್ಕೆ ಸಂಖ್ಯೆಯೂ ಇರುವುದಿಲ್ಲ, ಹೆಸರೂ ಇರುವುದಿಲ್ಲ. ಆರಿಸಿ ಇಡುವಾಗ ನಾಲ್ಕೂ ಪ್ರತಿಗಳದ್ದು ಒಟ್ಟಿಗೇ ಅದಲುಬದಲಾಗಿದೆ... ಇವಳ ಕೈಯಲ್ಲೇ!

"ತಪ್ಪು ನಂದು" ಎಂದಳು ಆ ಹುಡುಗಿಗೆ. "ನಿಮ್ಮ ಪುಟ ಇನ್ನೊಂದು ಪ್ರಬಂಧದಲ್ಲಿದೆ. ಏಳು ವರ್ಷದ ತಾಳ್ಮೆ ಅಂತ ಬರೆದಿದ್ದಾರೆ, ಇನ್ನೊಂದು ಗಂಟೆ ತಾಳ್ಕೊಳ್ಳಿ."

ನಾಲ್ಕೂ ಪ್ರತಿಗಳಿಂದ ಆ ಹಾಳೆಯನ್ನು ಬುಡದಲ್ಲಿ ಕೊಯ್ದು ತೆಗೆದಳು. ಚಾಕು, ಅಂಟಿನ ಡಬ್ಬಿ, ಬ್ರಶ್ಶು... ಎಲ್ಲ ಹಾಳೆಗಳ ಜೊತೆ ಚೀಲಕ್ಕೆ ತುಂಬಿಕೊಂಡಳು.

"ಹನ್ನೆರಡಕ್ಕೆ ಹತ್ತೇ ನಿಮಿಷ" ಎಂದರು ಅಪ್ಪ. "ಅಂಗಡಿ ನಾನು ನೋಡ್ಕೊಳ್ತೀನಿ. ಓಡು ಮಗಳೇ!"

ಏಪ್ರನ್ ಕೂಡ ಬಿಚ್ಚದೆ ಸೈಕಲ್ ಹತ್ತಿದಳು. ವಿಶ್ವವಿದ್ಯಾಲಯದ ಹುಲ್ಲಿನ ಮೇಲೆ ಬಿಸಿಲು ಕಾಯುತ್ತಿದ್ದ ವಿದ್ಯಾರ್ಥಿಗಳು, "ಕತ್ತರಿಗೇನಾಯ್ತು?" ಎಂದು ಎದ್ದುನಿಂತರು.

ಪ್ರಯೋಗಾಲಯದ ಕಚೇರಿಯ ಕಿಟಕಿಯ ಮುಂದೆ ಅವನು ಪೆನ್ನು ಹಿಡಿದು ನಿಂತಿದ್ದ.

"ಬರೀಬೇಡಿ!"

ಅವನು ತಿರುಗಿದ. ಅವಳು ಏದುಸಿರು ಬಿಡುತ್ತಲೇ ವರಾಂಡದಲ್ಲಿ ಕೂತು ಅವನ ಪುಸ್ತಕಗಳನ್ನು ಎಳೆದುಕೊಂಡಳು. ತಪ್ಪು ಹಾಳೆ ಕೊಯ್ದಳು, ಸರಿಯಾದ ಹಾಳೆಯ ಅಂಚಿಗೆ ಅಂಟು ಸವರಿ ಕೂರಿಸಿದಳು. ಅವನು ಬಗ್ಗಿ ಎರಡೂ ಹಾಳೆ ಓದಿ ಬೆರಗಾದ.

"ನಿಮ್ಮ ಕೈಯಿಂದ ಒಂದು ಹಾಳೆಯೂ ತಪ್ಪಿಲ್ಲ ಅಂತಿದ್ರಿ..."

"ಈಗ ತಪ್ಪಿದೆ. ಅವತ್ತು ಆರಿಸೋವಾಗ ನಾನು ಹಾಳೆ ನೋಡ್ಲೇ ಇಲ್ಲ."

"ಮತ್ತೇನು ನೋಡ್ತಿದ್ರಿ?"

"ಬಾಗಿಲಲ್ಲಿ ನಿಂತಿದ್ರಲ್ಲ... ನಿಮ್ಮನ್ನ."

ಕಿಟಕಿಯೊಳಗಿನ ಗುಮಾಸ್ತೆ ಗಂಟಲು ಸರಿಮಾಡಿಕೊಂಡರು. "ರೀ, ಉತ್ತರ ಏನಂತ ಬರ್ಕೊಳ್ಲಿ? ಬೇಕಾ, ಬೇಡ್ವಾ?"

ಅವನು ಅವಳನ್ನೇ ನೋಡಿದ.

"ಬೇಕು ಅಂತ ಬರ್ಕೊಳ್ಳಿ" ಎಂದಳು ಅವಳು, ತಲೆಯೆತ್ತಿ. "ಇವರು ಇಲ್ಲೇ ಇರ್ತಾರೆ."

ಅವನು ಪಕ್ಕದಲ್ಲೇ ನೆಲಕ್ಕೆ ಕೂತ. "ಮುಂದೆ ನಾನೇನು ಮಾಡ್ಬೇಕು?"

"ಅಪ್ಪನ ಹತ್ರ ಬಂದು ಮಾತಾಡಿ."

"ಭಯ ಆಗುತ್ತೆ."

"ಅಪ್ಪ ಪಾಪ, ಏನೂ ಅನ್ನಲ್ಲ."

"ಭಯ ಅವರದ್ದಲ್ಲ, ನಿಮ್ಮದು!"

ಅವಳು ನಕ್ಕು, ಅಂಟು ಮೆತ್ತಿದ ಕೈಯಲ್ಲೇ ಅವನ ಕೈ ಹಿಡಿದುಕೊಂಡಳು.

"ಅಭ್ಯಾಸ ಮಾಡ್ಕೊಳ್ಳಿ."